ಮುತ್ತತ್ತಿಯ ಬೆಂಚಿನ ಮೇಲೆ ಒಂದು ಟ್ರಯಲ್

ಹಲಗೂರು ದಾಟಿ ಬಸ್ಸು ಕಾಡಿನ ರಸ್ತೆಗೆ ಹೊರಳುತ್ತಿದ್ದಂತೆ ಮೊಬೈಲಿನ ಕಡ್ಡಿಗಳು ಕರಗತೊಡಗುತ್ತವೆ. ನಾಲ್ಕು ಇದ್ದದ್ದು ಎರಡಾಗುತ್ತದೆ. ಕಾವೇರಿ ವನ್ಯಜೀವಿಧಾಮದ ಮರಗಳು ಎರಡೂ ಕಡೆ ಒತ್ತಿಕೊಳ್ಳುವ ಹೊತ್ತಿಗೆ ಒಂದೂ ಉಳಿಯುವುದಿಲ್ಲ. ನಿಮ್ಮ ತೊಡೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗು. ಅದರೊಳಗೆ ಎರಡು ಕ್ಲೌಡ್ ಸಾಫ್ಟ್‌ವೇರುಗಳ ಟ್ರಯಲ್.

ಮಳವಳ್ಳಿಯಲ್ಲಿ ನಿಮ್ಮದು ತೆರಿಗೆ ರಿಟರ್ನ್ ತುಂಬಿಕೊಡುವ ಒಂದೇ ಕೋಣೆಯ ಆಫೀಸು. ನೀವು, ಟ್ಯಾಲಿ ಎಂಟ್ರಿ ಹಾಕುವ ಒಬ್ಬ ಹುಡುಗ, ಗೋಡೆಯುದ್ದಕ್ಕೂ ಫೈಲುಗಳು. ಇಷ್ಟು ವರ್ಷ ಎಲ್ಲ ರಿಟರ್ನೂ ಒಂದೇ ಕಂಪ್ಯೂಟರಿನಲ್ಲಿ ತಯಾರಾದವು. ಜುಲೈ ಕೊನೆಯಲ್ಲಿ ಅದು ಕೈಕೊಟ್ಟರೆ ಗತಿಯೇನೆಂಬ ಭಯಕ್ಕೆ ಕ್ಲೌಡಿನ ಕಡೆ ಮನಸ್ಸು ಹರಿದಿದೆ. ಮಾರುವವರು ಡೆಮೊ ಕೊಟ್ಟದ್ದು ಒಳ್ಳೆಯ ವೈಫೈ ಇರುವ ಜಾಗದಿಂದ. ಪರೀಕ್ಷೆಗೆ ಸಿಗ್ನಲ್ ಸಿಗದ ಮುತ್ತತ್ತಿಯೇ ಸರಿ.

ಶನಿವಾರ. ಹನುಮಂತರಾಯನ ಗುಡಿ ಮುಂದೆ ಜನ ಸೇರಿದ್ದಾರೆ. ಹೊಳೆ ದಂಡೆಯಲ್ಲಿ ಒಲೆ ಹೊತ್ತಿವೆ. ನಿಮ್ಮ ಗಿರಾಕಿಯಾದ ಹಣ್ಣುಕಾಯಿ ಅಂಗಡಿಯವರು ಬೆಂಚು ಒರೆಸಿಕೊಡುತ್ತಾರೆ. "ಕುಂತ್ಕಳಿ ಅಕ್ಕ. ಇಲ್ಲಿ ನೆಟ್ಟು ಬರಾಕಿಲ್ಲ ಕನಕ್ಕ, ಆ ತಿರುವಿಗೆ ಹೋದ್ರೆ ಒಂಚೂರು ಬತ್ತದೆ."

ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯುತ್ತೀರಿ. ಸಾಲುಸಾಲು ಯುಪಿಐ: 40 ರೂಪಾಯಿ, 60, 25, ನಡುವೆ ಒಮ್ಮೆಲೇ 30,000. "ಅದು ಯಾಪಾರ ಅಲ್ಲಕ್ಕ, ಭಾವ ಕೈಸಾಲ ತೀರ್ಸಿದ್ದು. ಅದುಕ್ಕೂ ನೋಟಿಸ್ ಬತ್ತದಾ?" 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಈ ಭಯ ಹಳ್ಳಿಹಳ್ಳಿಗೂ ಬಂದಿದೆ. ತೆಂಗಿನಕಾಯಿ, ಬಾಳೆಹಣ್ಣಿಗೆ ಜಿಎಸ್‌ಟಿ ಇಲ್ಲ. ಆದರೆ ಇವರು ಬಿಸ್ಕತ್ತೂ ಮಾರುವುದರಿಂದ, ನೋಂದಣಿಯ 40 ಲಕ್ಷದ ಮಿತಿ ನೋಡುವಾಗ ಎರಡನ್ನೂ ಕೂಡಿಸಬೇಕು. ಕೈಸಾಲವನ್ನು ಮಾತ್ರ ಹೊರಗಿಡಬೇಕು. ಮೊದಲನೇ ಸಾಫ್ಟ್‌ವೇರಿನಲ್ಲಿ ಒಂದೊಂದೇ ಸಾಲನ್ನು ಬೇರ್ಪಡಿಸುತ್ತಾ ಹೋಗುತ್ತೀರಿ. ಸಿಗ್ನಲ್ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ತುಂಬಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡು, ತಿರುವಿಗೆ ಹೋದಾಗ ಮೇಲಕ್ಕೆ ಕಳಿಸುತ್ತದೆ. ಎರಡನೆಯದು ಬರೀ ಚಕ್ರ ತಿರುಗಿಸುತ್ತದೆ, ಪೇಜು ಮತ್ತೆ ತೆರೆದರೆ ಎಲ್ಲ ಖಾಲಿ. ಮೊದಲನೆಯದನ್ನೇ ಕೊಂಡುಬಿಡೋಣ ಅನ್ನಿಸುತ್ತದೆ.

ಅಷ್ಟರಲ್ಲಿ ಅಂಗಡಿಯವರ ತಮ್ಮ ಬರುತ್ತಾರೆ. ಮೇಷ್ಟ್ರು, ಅರ್ಧ ದಿನದ ಶಾಲೆ ಮುಗಿಸಿ ಬಂದವರು. ಜೇಬಿನಿಂದ ಫಾರಂ 16ರ ಜೊತೆ ಕಬ್ಬಿನ ತೂಕದ ಚೀಟಿಗಳನ್ನೂ ತೆಗೆದು ಬೆಂಚಿನ ಮೇಲೆ ಹರಡುತ್ತಾರೆ. ಬೆವರಿಗೆ ಮೆತ್ತಗಾದ ಕಾಗದ, ಮಸುಕಾದ ಟನ್ನಿನ ಅಂಕಿ. "ಮೇಡಂ, ಇದನ್ನ ತೋರ್ಸಬೇಕಾ? ಬೇಸಾಯಕ್ಕೆ ಟ್ಯಾಕ್ಸ್ ಇಲ್ವಲ್ಲ?"

ಇಲ್ಲ, ಆದರೆ ತೋರಿಸಬೇಕು. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಐಟಿಆರ್-1 ಹಾಕುವಂತಿಲ್ಲ. ಸಂಬಳದವರಾದರೆ ಐಟಿಆರ್-2ಕ್ಕೆ ಹೋಗಬೇಕು. ಉಳಿದ ಆದಾಯ ವಿನಾಯಿತಿ ಮಿತಿ ದಾಟಿದ್ದರೆ, ತೆರಿಗೆಯ ದರ ನಿರ್ಧರಿಸುವಾಗ ಬೇಸಾಯದ ಹಣವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಬೇಸಾಯದ ಆದಾಯ 5 ಲಕ್ಷ ಮೀರಿದರೆ ಜಮೀನು ಎಷ್ಟು, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ಮೊದಲನೇ ಸಾಫ್ಟ್‌ವೇರ್ ಇದ್ಯಾವುದನ್ನೂ ಕೇಳುವುದಿಲ್ಲ. ಸಂಬಳ ಕಂಡ ಕೂಡಲೇ ಐಟಿಆರ್-1 ತೆರೆದು, ಎಲ್ಲ ಸರಿಯಿದೆ ಎಂದು ಹಸಿರು ಗುರುತು ಹಾಕುತ್ತದೆ. ಲ್ಯಾಪ್‌ಟಾಪ್ ಹಿಡಿದು ತಿರುವಿಗೆ ನಡೆಯುತ್ತೀರಿ. ಅಲ್ಲಿ ಎರಡನೆಯದು ತಡವರಿಸುತ್ತಾ ತೆರೆದುಕೊಂಡು ಮೊದಲು ಕೇಳುವುದೇ ಕೃಷಿ ಆದಾಯ ಇದೆಯೇ ಎಂದು.

ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಸಂಬಳದ ಜೊತೆ ಕಬ್ಬೋ ರೇಷ್ಮೆಯೋ ತೆಂಗೋ ಇಲ್ಲದ ಮನೆ ಹುಡುಕಬೇಕು. ಆ ಪ್ರಶ್ನೆ ಕೇಳದ ಸಾಫ್ಟ್‌ವೇರ್ ಎಷ್ಟು ಚುರುಕಾಗಿದ್ದರೂ ಇಲ್ಲಿನವರಿಗೆ ಬೇಡ. ನೆಟ್ಟಿಲ್ಲದಾಗ ಕೆಲಸ ನಡೆಸಲು ಆದಾಯ ತೆರಿಗೆ ಇಲಾಖೆಯದೇ ಉಚಿತ ಯುಟಿಲಿಟಿ ಇದೆ. ಅದರಲ್ಲಿ ತುಂಬಿ, ಜೇಸನ್ ಫೈಲನ್ನು ಆಫೀಸಿಗೆ ಹೋದ ಮೇಲೆ ಏರಿಸಬಹುದು. ಓಟಿಪಿ ಇಲ್ಲಿ ಬಾರದಿದ್ದರೂ ಗಾಬರಿ ಬೇಡ, ರಿಟರ್ನ್ ಹಾಕಿದ ಮೇಲೆ ಇ-ವೆರಿಫೈ ಮಾಡಲು 30 ದಿನ ಇರುತ್ತದೆ.

ಇನ್ನೂ ಒಂದು ಉಳಿದಿದೆ. ಚಂದಾ ಒಂದು ವರ್ಷದ್ದು. ಜಿಎಸ್‌ಟಿ ಕಾನೂನಿನಂತೆ ನೋಂದಾಯಿತ ವ್ಯಾಪಾರಿಗಳು ಲೆಕ್ಕಪತ್ರ ಉಳಿಸಬೇಕಾದದ್ದು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು. ಮುಂದೆ ಚಂದಾ ನಿಲ್ಲಿಸಿದರೆ ಗಿರಾಕಿಗಳ ದಾಖಲೆ ಯಾರ ಕೈಯಲ್ಲಿರುತ್ತದೆ? ಎರಡನೆಯದರಲ್ಲಿ ಮೇಷ್ಟ್ರ ಲೆಕ್ಕ ತುಂಬಿ ಎಕ್ಸ್‌ಪೋರ್ಟ್ ಒತ್ತುತ್ತೀರಿ. ನಿಧಾನವಾಗಿ ಇಳಿದ ಎಕ್ಸೆಲ್ ಫೈಲು ಸಾಫ್ಟ್‌ವೇರಿನ ಹಂಗಿಲ್ಲದೆ ತೆರೆದುಕೊಳ್ಳುತ್ತದೆ, ಕಬ್ಬಿನ ಹಣದ ಸಾಲೂ ಇದೆ. ಎರಡನೆಯದೇ ಸರಿ.

ನಿಮ್ಮೂರಿನಲ್ಲೂ ಹೀಗೊಂದು ಆಫೀಸು ನಡೆಸುತ್ತಿದ್ದರೆ, ದುಡ್ಡು ಕಟ್ಟುವ ಮುನ್ನ ನಿಮ್ಮ ಅತಿ ತೊಡಕಿನ ಗಿರಾಕಿಯೊಬ್ಬರ ಲೆಕ್ಕವನ್ನು ಟ್ರಯಲ್‌ನಲ್ಲಿ ಪೂರ್ತಿ ಹಾಕಿ, ಪೂರ್ತಿ ಹೊರಗೆ ತೆಗೆದು ನೋಡಿ. ಆ ಕೆಲಸಕ್ಕೆ ಜುಲೈವರೆಗೆ ಕಾಯಬೇಡಿ, ಏಪ್ರಿಲ್‌ನಲ್ಲೇ ಮಾಡಿ.