ಶರತ್ಕಾಲದಲ್ಲಿ ಮಾಕಳಿದುರ್ಗ

ಆಶ್ವಯುಜದಲ್ಲಿ ಮಳೆ ಹಿಂದೆಗೆದು ಆಕಾಶವು ನಿರ್ಮಲವಾದೊಡನೆ, ಚಿತ್ರ ಬರೆಯುವವರು ದೊಡ್ಡಬಳ್ಳಾಪುರದಿಂದ ಸುಮಾರು 10 ಕಿಲೋಮೀಟರು ದೂರದ ಮಾಕಳಿದುರ್ಗಕ್ಕೆ ಹೋಗಬೇಕು. ಅಡಿಯಲ್ಲಿ ರೈಲುದಾರಿ, ನಡುವೆ ಹೆಬ್ಬಂಡೆಗಳು, ನೆತ್ತಿಯಲ್ಲಿ ಕೋಟೆಯ ಅವಶೇಷ. ಸೀಸದಕಡ್ಡಿಗೆ ಬೇಕಾದುದೆಲ್ಲವೂ ಅಲ್ಲುಂಟು.

ಮರಳುವಾಗ ಅರ್ಕಾವತಿಯನ್ನೂ ಬರೆಯಬಹುದು. ನಂದಿಬೆಟ್ಟದಲ್ಲಿ ಹುಟ್ಟಿ, 1894ರ ಯೋಜನೆಯಂತೆ ಹೆಸರಘಟ್ಟದ ಕೆರೆಯ ಮೂಲಕ ಬೆಂಗಳೂರಿಗೆ ನೀರೂಡಿದ ಹೊಳೆಯಿದು. ಇಂದು ವರ್ಷದ ಬಹುಭಾಗ ಬತ್ತಿರುತ್ತದೆ. ಬರಿದಾದ ಪಾತ್ರವನ್ನು ಬರಿದಾಗಿಯೇ ಬರೆಯಿರೆಂದು ಮಕ್ಕಳಿಗೆ ಹೇಳುತ್ತೇನೆ. ಇಲ್ಲದ ನೀರಿಗೆ ನೀಲಿಬಣ್ಣ ಬಳಿಯುವುದು ಕಣ್ಣಿಗೆ ಮಾಡುವ ವಂಚನೆ.

ದೀಪಾವಳಿಗೆ ಬಿದಿರುಕಡ್ಡಿಗಳಿಂದ ಮನೆಯಲ್ಲಿಯೇ ಆಕಾಶಬುಟ್ಟಿ ಕಟ್ಟುವ ಮಕ್ಕಳು, ತೆಳುಗಾಗದದ ಮೇಲೆ ಬರೆದ ಈ ಚಿತ್ರಗಳನ್ನೇ ಅದಕ್ಕೆ ಅಂಟಿಸಲಿ. ಒಳಗಿನ ಬೆಳಕಿನಲ್ಲಿ ಬತ್ತಿದ ಹೊಳೆಯು ಮನೆಮಂದಿಗೆಲ್ಲ ಕಾಣಲಿ.