ಕಳಿಸಿದವರು ಯಾರು?

ಪೋಸ್ಟ್‌ಕಾರ್ಡಿನ ‘ಇಂದ’ ಅನ್ನೋ ಜಾಗದಲ್ಲಿ ಯಾರ ಹೆಸರು ಬರೆದರೂ ಅಂಚೆಯವರು ತಕರಾರು ತೆಗೆಯೋದಿಲ್ಲ. ಇಮೇಲ್ ಕೂಡ ಹಾಗೇ. 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಗಳನ್ನು ಬರೆದಾಗ ಜಾಲದಲ್ಲಿ ಇದ್ದವರು ಬಹುಪಾಲು ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಜನ. ನಮ್ಮೂರಲ್ಲಿ ಹಗಲು ಹೊತ್ತು ಯಾರೂ ಬಾಗಿಲಿಗೆ ಬೀಗ ಹಾಕ್ತಿರಲಿಲ್ಲವಲ್ಲ, ಅದೇ ಲೆಕ್ಕ.

ಕಳ್ಳರಿಗೆ ಅಷ್ಟು ಸಾಕಾಯ್ತು. 2003ರ ಸೋಬಿಗ್-ಎಫ್, 2004ರ ಮೈಡೂಮ್ ವೈರಸ್‌ಗಳು ಸೋಂಕಿದ ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳನ್ನೇ ಎತ್ತಿಕೊಂಡು, ಒಬ್ಬರ ಹೆಸರಲ್ಲಿ ಇನ್ನೊಬ್ಬರಿಗೆ ಹೋದವು. ಬೈಗುಳ ಸಿಕ್ಕಿದ್ದು ಏನೂ ಮಾಡದವರಿಗೆ.

ಈಗಲೂ ಅದೇ ಕತೆ. ನನ್ನ ಚಿಕ್ಕಪ್ಪನ ಮಗಳು ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೀತಾಳೆ. ಮಾಲೀಕರ ವಿಳಾಸದಿಂದಲೇ ‘ಈ ಬಿಲ್ ನೋಡಮ್ಮ’ ಅಂತ ಮೇಲ್ ಬಂತು. ತೆರೆದಳು. ಸಂಜೆಯೊಳಗೆ ಆಫೀಸಿನ ಫೈಲುಗಳೆಲ್ಲ ಲಾಕ್. “ಅಣ್ಣಾ, ವಿಳಾಸ ಸರಿಯಾಗೇ ಇತ್ತು. ಇನ್ನೇನು ನೋಡ್ಬೇಕಿತ್ತು ನಾನು?” ಅಂತ ಫೋನಿನಲ್ಲಿ ಅತ್ತಳು. ಆ ಕಂಪನಿಯ ಡಿಎನ್‌ಎಸ್ ದಾಖಲೆ ತೆಗೆದು ನೋಡಿದೆ. ಎಸ್‌ಪಿಎಫ್ ಇಲ್ಲ, ಡಿಮಾರ್ಕ್ ಇಲ್ಲ.

ಎಸ್‌ಪಿಎಫ್ ಅಂದ್ರೆ ‘ನಮ್ಮ ಹೆಸರಲ್ಲಿ ಮೇಲ್ ಕಳಿಸೋಕೆ ಈ ಸರ್ವರ್‌ಗಳಿಗೆ ಮಾತ್ರ ಅನುಮತಿ’ ಎಂಬ ಪಟ್ಟಿ. ಡಿಕಿಮ್ ಅನ್ನೋದು ಮೇಲ್‌ಗೆ ಒತ್ತುವ ಮುದ್ರೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮುದ್ರೆ ಒಡೆಯುತ್ತದೆ. ಆದರೆ ಎಸ್‌ಪಿಎಫ್ ನೋಡೋದು ಲಕೋಟೆಯ ಮೇಲಿನ ವಿಳಾಸ. ನಮ್ಮ ಕಣ್ಣಿಗೆ ಬೀಳೋದು ಒಳಗಿನ ಕಾಗದದ್ದು. ಎರಡರಲ್ಲಿ ಒಂದು ಪರೀಕ್ಷೆಯಾದರೂ ಕಣ್ಣಿಗೆ ಕಾಣುವ ಹೆಸರಿಗೇ ತಾಳೆಯಾಗಬೇಕು ಅನ್ನೋದು 2012ರಲ್ಲಿ ಬಂದ ಡಿಮಾರ್ಕ್. ಆಗದಿದ್ದರೆ ಏನು ಮಾಡಬೇಕು ಅಂತಲೂ ಅದರಲ್ಲೇ ಬರೆಯಬಹುದು: ಬಿಡು, ಸ್ಪ್ಯಾಮಿಗೆ ಹಾಕು, ಇಲ್ಲವೇ ಬಾಗಿಲಲ್ಲೇ ತಡೆ. ‘ಬಿಡು’ ಅಂತ ಬರೆದು ಕೈತೊಳೆದುಕೊಂಡರೆ ಬೀಗ ತಂದು ಮೊಳೆಗೆ ನೇತು ಹಾಕಿದ ಹಾಗೆ.

2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ದಿನಕ್ಕೆ 5000ದಷ್ಟು ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ದಿನಕ್ಕೆ ಐವತ್ತು ಕಳಿಸುವ ಕಂಪನಿಗೆ ಅಷ್ಟು ಒತ್ತಡವಿಲ್ಲ. ಮಾಲೀಕರ ಹೆಸರಲ್ಲಿ ಬಂದ ಮೇಲ್‌ಗೆ ಎದುರು ಮಾತಾಡದೆ ಕೆಲಸ ಮಾಡೋರು ಇರೋದು ಮಾತ್ರ ಅಲ್ಲೇ ಹೆಚ್ಚು.

ಒಂದಕ್ಷರ ಬದಲಿಸಿ ಅಂಥದ್ದೇ ಡೊಮೈನ್ ಕೊಂಡವನನ್ನು ಇದು ತಡೆಯೋದಿಲ್ಲ, ನಿಜ. ಅಲ್ಲಿ ನಮ್ಮ ಕಣ್ಣಿಗೆ ಕೆಲಸ ಇದ್ದೇ ಇದೆ. ಆದರೆ ತಮ್ಮದೇ ಹೆಸರನ್ನು ಕಾಯದವರು, ಆ ಹೆಸರನ್ನು ನಂಬಿದವಳಿಗೆ ಬೈಯೋದು ಯಾವ ನ್ಯಾಯ?

ನಾಳೆ ಆಫೀಸಿನಲ್ಲಿ ಐಟಿಯವರನ್ನು ಸುಮ್ಮನೆ ಕೇಳಿ ನೋಡಿ: ‘ನಮ್ಮ ಡಿಮಾರ್ಕ್‌ನಲ್ಲಿ ಏನಂತ ಬರೆದಿದೆ?’ ಸಂಬಳದ ಚೀಟಿ ಕಳಿಸುವ ಸರ್ವರೂ ಪಟ್ಟಿಯಲ್ಲಿದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಲಿ. ಆಮೇಲೆ ‘ತಡೆ’ ಅಂತ ಬದಲಿಸೋದು ಒಂದೇ ಸಾಲಿನ ಕೆಲಸ.