ಎರಡು ಬೆರಳಿನ ಮಾತು

ಇಬ್ಬರು ವಾದ್ಯಗಾರರ ಹೆಸರು ಬಾಯಿಗೆ ಬಂದರೆ ಸಾಕು, ಅವರಲ್ಲಿ ಹೆಚ್ಚಿನವರು ಯಾರು ಎಂಬ ಪ್ರಶ್ನೆ ತಾನಾಗಿ ಹಿಂಬಾಲಿಸುತ್ತದೆ. ಮೈಸೂರಿನ ಆಸ್ಥಾನದಲ್ಲಿ ವೀಣೆ ಶೇಷಣ್ಣನವರೂ ವೀಣೆ ಸುಬ್ಬಣ್ಣನವರೂ ಇದ್ದ ಕಾಲದಲ್ಲಿ ಊರಿನ ಜಗಲಿಗಳ ಮೇಲೆ ಈ ವಾದ ನಡೆಯದೆ ಇದ್ದೀತೆ? ಜಗಲಿಗಳು ಹೋದವು, ವಾದ ಉಳಿಯಿತು. ನಮ್ಮ ಕಾಲೇಜಿನ ಹಿಂದಿನ ಕಟ್ಟೆಯ ಮೇಲೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಅದು ದಿನವೂ ನಡೆಯುತ್ತದೆ. ವೀಣೆಯ ಸ್ಥಾನಕ್ಕೆ ಗಿಟಾರು ಬಂದಿದೆ, ಅಷ್ಟೇ ವ್ಯತ್ಯಾಸ.

ವಾದಿಗಳು ನಾವು ಮೂವರು. ಮೂವರೂ ಬೆಂಗಳೂರಿನ ಅಂಚಿನವರು. ಒಬ್ಬ ಮಿತ್ರನ ಮನೆ ವೈಟ್‌ಫೀಲ್ಡಿನಲ್ಲಿ. ಅದು ಕಂಪ್ಯೂಟರ್ ಕಂಪನಿಗಳು ಬರುವುದಕ್ಕೆ ನೂರು ವರ್ಷ ಮೊದಲೇ, 1882ರಲ್ಲಿ, ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಹುಟ್ಟಿದ ಊರು. ನೆರೆಮನೆಯ ಆಂಗ್ಲೋ-ಇಂಡಿಯನ್ ಮುದುಕರೊಬ್ಬರು ಇವನಿಗೆ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟರಂತೆ. ಆ ಗುರುಪರಂಪರೆಯ ಹೆಮ್ಮೆಯಿಂದ ಅವನು ಜಿಮಿ ಹೆಂಡ್ರಿಕ್ಸನ ಪಕ್ಷ ವಹಿಸುತ್ತಾನೆ. ಎಡಗೈಯವನಾದ ಹೆಂಡ್ರಿಕ್ಸ್ ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದು, ತಂತಿಗಳನ್ನು ತನಗೆ ಬೇಕಾದಂತೆ ಕಟ್ಟಿಕೊಂಡು ನುಡಿಸಿದ. ಯಂತ್ರದ ಕೀರಲನ್ನು ಇತರರು ದೋಷವೆಂದು ಅಡಗಿಸುತ್ತಿದ್ದಾಗ ಇವನು ಅದನ್ನೇ ಸಂಗೀತಕ್ಕೆ ಸೇರಿಸಿದ. 1970ರಲ್ಲಿ, ಇನ್ನೂ ಇಪ್ಪತ್ತೇಳರ ಪ್ರಾಯದಲ್ಲಿ, ತೀರಿಕೊಂಡ. “ನಾಲ್ಕು ವರ್ಷದ ಕೀರ್ತಿಯಲ್ಲಿ ಇಷ್ಟು ಮಾಡಿದವರು ಬೇರೆ ಯಾರಿದ್ದಾರೆ, ಹೇಳು ನೋಡೋಣ!” ಎನ್ನುವುದು ಅವನ ಸವಾಲು.

ಎರಡನೆಯವನು ಎಲೆಕ್ಟ್ರಾನಿಕ್ ಸಿಟಿಯ ಪಕ್ಕದವನು. ಅವನ ಭಾವನವರು 2005ರಲ್ಲಿ ಅರಮನೆ ಮೈದಾನದಲ್ಲಿ ಮಾರ್ಕ್ ನಾಪ್‌ಫ್ಲರನನ್ನು ಕಣ್ಣಾರೆ ಕಂಡವರು. ನಾಪ್‌ಫ್ಲರ್ ತಂತಿಯನ್ನು ಬರಿಯ ಬೆರಳುಗಳಿಂದಲೇ ಮೀಟುತ್ತಾನೆ, ಅವಸರವಿಲ್ಲ, ಆರ್ಭಟವಿಲ್ಲ. “ಕಡಿಮೆ ನುಡಿಸಿ ಹೆಚ್ಚು ಹೇಳುವವನೇ ದೊಡ್ಡವನು” ಎಂದು ಈ ಮಿತ್ರನ ತೀರ್ಪು. ಸ್ವತಃ ಇವನು ಮಾತ್ರ ಮಾತಿಗೆ ನಿಂತರೆ ಗಂಟೆ ಬಾರಿಸುವವರೆಗೆ ನಿಲ್ಲಿಸುವವನಲ್ಲ!

ಮೂರನೆಯವನು ನಾನು, ಪೀಣ್ಯದವನು. ನನಗೆ ಗಿಟಾರು ಹಿಡಿಯಲೂ ಬಾರದು. ನಾನು ಹಿಡಿದ ಪಕ್ಷ ಟೋನಿ ಐಯೋಮಿಯದು. ಅದಕ್ಕೆ ಕಾರಣವನ್ನು ಮಿತ್ರರಿಗೆ ಬಹಳ ದಿನ ಹೇಳಿರಲಿಲ್ಲ, ಇಲ್ಲಿ ಹೇಳುತ್ತೇನೆ.

ಐಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವನು. ಆ ನಗರವೂ ಒಂದು ದೊಡ್ಡ ಪೀಣ್ಯವೇ: ಲೇತು, ಪ್ರೆಸ್ಸು, ಎಣ್ಣೆಯ ವಾಸನೆ. ಹದಿನೇಳನೆಯ ವಯಸ್ಸಿನಲ್ಲಿ ಅವನು ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸಂಗೀತವನ್ನೇ ನಂಬಿ ಹೊರಡುವುದೆಂದು ನಿಶ್ಚಯಿಸಿ ಕೆಲಸ ಬಿಟ್ಟಿದ್ದ. ಅದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲಾರೆನೆಂದಾಗ ತಾಯಿ, ಹಿಡಿದ ಕೆಲಸವನ್ನು ಮುಗಿಸಿ ಬಾ ಎಂದು ಕಳಿಸಿದರಂತೆ. ಅಂದು ಯಾರೋ ಬಾರದಿದ್ದುದರಿಂದ ಇವನನ್ನು ಅಭ್ಯಾಸವಿಲ್ಲದ ಪ್ರೆಸ್ಸಿನ ಮುಂದೆ ನಿಲ್ಲಿಸಿದ್ದರು. ಬಲಗೈಯ ನಡುಬೆರಳು, ಉಂಗುರದ ಬೆರಳು—ಎರಡರ ತುದಿಗಳೂ ಹೋದವು. ಎಡಗೈಯಿಂದ ಮೀಟುವವನಾದ್ದರಿಂದ ತಂತಿಯನ್ನು ಒತ್ತಬೇಕಾದದ್ದು ಅದೇ ಬಲಗೈ.

ಇನ್ನು ನುಡಿಸುವುದು ಸಾಧ್ಯವಿಲ್ಲವೆಂದು ಕುಳಿತಿದ್ದವನ ಬಳಿಗೆ ಕಾರ್ಖಾನೆಯ ಮೇಲಿನವರೊಬ್ಬರು ಒಂದು ಗ್ರಾಮಫೋನ್ ತಟ್ಟೆಯನ್ನು ತಂದರು. ಅದು ಜಾಂಗೊ ರೈನ್‌ಹಾರ್ಟನ ವಾದನ. ಕೇಳಿಸಿದ ಮೇಲೆ ಹೇಳಿದರು: ಈತನ ಎಡಗೈ 1928ರಲ್ಲಿ ಬೆಂಕಿಯಲ್ಲಿ ಸುಟ್ಟಿತು, ಸ್ವರಗಳನ್ನು ಬಹುಮಟ್ಟಿಗೆ ಎರಡೇ ಬೆರಳಿನಿಂದ ನುಡಿಸುತ್ತಾನೆ. ಐಯೋಮಿ ಎದ್ದು ಕುಳಿತ. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳ ತುದಿಗೆ ಟೋಪಿಗಳನ್ನು ಮಾಡಿಕೊಂಡ. ತೆಳ್ಳನೆಯ ತಂತಿಗಳನ್ನು ಕಟ್ಟಿದ. ಮುಂದೆ ಬೆರಳಿಗೆ ಹಗುರವಾಗಲೆಂದು ಅವನ್ನು ಸಡಿಲಿಸಿ ಶ್ರುತಿಯನ್ನು ಇಳಿಸಿದ. ಶ್ರುತಿ ಇಳಿದಂತೆ ನಾದ ಭಾರವಾಯಿತು. 1970ರ ಫೆಬ್ರುವರಿಯಲ್ಲಿ ಬಂದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ತಟ್ಟೆಯಿಂದ ‘ಹೆವಿ ಮೆಟಲ್’ ಎಂಬ ಒಂದು ಮಾರ್ಗವೇ ಹೊರಟಿತು. 2011ರ ಅಕ್ಟೋಬರ್ 30ರಂದು ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡದವರು ಆ ಮಾರ್ಗದವರೇ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಸಬ್ಬತ್ತಿನ ಕೊನೆಯ ಕಚೇರಿಯಾದಾಗ ಅವರೂ ಹೋಗಿ ನುಡಿಸಿ ಬಂದರು.

ನಮ್ಮ ತಂದೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೆಸ್ಸಿನ ಕೆಲಸಕ್ಕಿದ್ದರು. ನಾನು ಮೂರನೆಯ ತರಗತಿಯಲ್ಲಿದ್ದಾಗ, ಒಂದು ರಾತ್ರಿಯ ಶಿಫ್ಟಿನಲ್ಲಿ, ಅವರ ಬಲಗೈಯ ಅವೇ ಎರಡು ಬೆರಳುಗಳ ತುದಿ ಹೋಯಿತು. ಅದಕ್ಕೆ ಮುಂಚೆ ಅವರು ಕುಣಿಗಲ್ ಕಡೆಯ ನಮ್ಮ ಹಳ್ಳಿಯ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಆಮೇಲೆ ಕೆಲಸ ಪ್ಯಾಕಿಂಗಿಗೆ ಬದಲಾಯಿತು. ಹಾರ್ಮೋನಿಯಂ ದೊಡ್ಡಪ್ಪನವರ ಮನೆಯ ಅಟ್ಟ ಸೇರಿತು. ಅಂಕಪಟ್ಟಿಗೆ ಸಹಿ ಹಾಕಲು ಅವರು ಶಾಲೆಗೆ ಬಂದಾಗ, ಲೇಖನಿಯನ್ನು ಹೇಗೋ ಸಿಕ್ಕಿಸಿಕೊಳ್ಳುವ ಆ ಕೈಯನ್ನು ಗೆಳೆಯರು ನೋಡಿಯಾರೆಂದು ನಾನು ಅಡ್ಡ ನಿಲ್ಲುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ; ಅಂದಿನ ನಾಚಿಕೆಗಿಂತ ಇದು ದೊಡ್ಡದು.

ಒಂದು ಭಾನುವಾರ ತಂದೆಯವರಿಗೆ ಐಯೋಮಿಯ ಕಥೆಯನ್ನು ಹೇಳಿದೆ. ಉತ್ಸಾಹ ತುಂಬುವ ಉದ್ದೇಶ ನನ್ನದು; ಪುಸ್ತಕ ಓದಿದ ಮಕ್ಕಳಿಗೆ ಹಿರಿಯರನ್ನು ತಿದ್ದುವ ಚಪಲವಿರುತ್ತದೆಯಲ್ಲ! ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ:

“ಪ್ಲಾಸ್ಟಿಕ್ಕು ಅಂದ್ಯಲ್ಲ, ತಂತಿ ಮೇಲೆ ಜಾರಲ್ವೇನೋ?”

“ಜಾರುತ್ತಿತ್ತಂತೆ ಅಪ್ಪಾ. ಅದಕ್ಕೇ ಹಳೆಯ ಚರ್ಮದ ಕೋಟಿನ ಚೂರನ್ನು ಮೇಲೆ ಅಂಟಿಸಿಕೊಂಡ.”

ಅವರು ತಲೆದೂಗಿದರು. “ಸರಿಯಾದ ಕೆಲಸಗಾರ ಕಣೋ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ತಟ್ಟೆ ತಂದುಕೊಟ್ಟೋನೂ ದೊಡ್ಡ ಮನುಷ್ಯ. ಇಲ್ಲಿ ಬಂದೋರೆಲ್ಲ ಕಿತ್ತಳೆಹಣ್ಣು ತಂದರು” ಎಂದರು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಆದರೆ ನನ್ನ ಉಪದೇಶ ಗಂಟಲಲ್ಲೇ ನಿಂತಿತು.

ಬೆರಳು ಹೋದದ್ದರಿಂದ ಐಯೋಮಿ ದೊಡ್ಡವನಾದ ಎನ್ನುವುದು ಸುಲಭ; ಸುಲಭವಾದ ಸುಳ್ಳು. ಬೆರಳು ಕಳೆದುಕೊಂಡವರು ಬರ್ಮಿಂಗ್‌ಹ್ಯಾಮಿನಲ್ಲೂ ಪೀಣ್ಯದಲ್ಲೂ ಬೇಕಾದಷ್ಟು ಜನ. ಅವನಿಗೆ ಕಸುಬಿನ ಬುದ್ಧಿಯಿತ್ತು, ಹಟವಿತ್ತು, ಸರಿಯಾದ ದಿನ ಸರಿಯಾದ ತಟ್ಟೆ ಹಿಡಿದು ಬಂದ ಒಬ್ಬ ಮನುಷ್ಯನಿದ್ದ. ವೇಗದಲ್ಲಿ ಅವನನ್ನು ಮೀರಿಸುವವರು ನೂರು ಮಂದಿ ಸಿಕ್ಕಾರು. ಆದರೆ ಹತ್ತು ಬೆರಳೂ ನೆಟ್ಟಗಿರುವವರು ಇಂದು ತಮ್ಮ ತಂತಿಗಳನ್ನು ಸಡಿಲಿಸಿ ಅವನ ನಾದವನ್ನು ಅರಸುತ್ತಾರೆ. ಕೈಚಳಕ ಕೈಯೊಡನೆ ಹೋಗುತ್ತದೆ. ಇತರರ ಕೈಗೆ ದಾಟಿದ್ದೇ ಉಳಿಯುವುದು. ಹಾಗೆ ದಾಟಿಸಿದವರ ಪಟ್ಟಿಯಲ್ಲಿ ಗಿಟಾರನ್ನು ಮುಟ್ಟದ ಆ ಕಾರ್ಖಾನೆಯವನಿಗೂ ಒಂದು ಸಾಲು ಸಲ್ಲಬೇಕು.

ಇದನ್ನೆಲ್ಲ ಕಟ್ಟೆಯ ಮೇಲೆ ಹೇಳಿದೆ. ವೈಟ್‌ಫೀಲ್ಡಿನ ಮಿತ್ರ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಆದರೂ ಹೆಂಡ್ರಿಕ್ಸೇ” ಎಂದ. ಆಗಲಿ, ವಾದ ಮುಗಿದುಹೋದರೆ ಊಟ ರುಚಿಸುವುದಿಲ್ಲ.

ಈ ಸಲ ಶಿವರಾತ್ರಿಗೆ ನಾವು ಊರಿಗೆ ಹೋಗುವವರಿದ್ದೇವೆ. ಹಾರ್ಮೋನಿಯಂ ಇನ್ನೂ ಅಟ್ಟದಲ್ಲಿದೆಯೆ, ಇಲಿ ತಿದಿಯನ್ನು ಕಡಿದಿದೆಯೆ ಎಂದು ದೊಡ್ಡಪ್ಪನವರನ್ನು ಫೋನಿನಲ್ಲಿ ಕೇಳಿದ್ದೇನೆ. ತಂದೆಯವರಿಗೆ ಹೇಳಿಲ್ಲ. ಕಿತ್ತಳೆಹಣ್ಣನ್ನಂತೂ ಒಯ್ಯುವುದಿಲ್ಲ.